ಸೈಕ್ಲೋಸ್ಟೈಲ್ ಯಂತ್ರದೊಳಗಿನ ಅಡಿಕೆ

ಗೆಳೆಯರೆ, ಇವತ್ತು ಕಚೇರಿಯಲ್ಲಿ ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರ ಹಿಡಿಕೆ ತಿರುಗಿಸಿದಾಗಲೆಲ್ಲ ಕಟಕಟ ಎನ್ನತೊಡಗಿತು. ಅದನ್ನು ನೋಡಿಕೊಳ್ಳುವ ಬಸಪ್ಪನ ನೌಕರಿ ಮುಂದಿನ ವಾರ ಕಾಯಂ ಆಗಬೇಕು.

"ಏನ್ ಮುರದಿ? ಮೆಮೋ ಕೊಡತೇನಿ," ಎಂದರು ಸಾಹೇಬರು.

ಬಸಪ್ಪ ತಿರುಪು ಬಿಚ್ಚಿದ. ರೋಲರಿನ ಸಂದಿಯಿಂದ ಮಸಿ ಮೆತ್ತಿದ ಅಡಿಕೆ ಉರುಳಿತು.

"ಮೊನ್ನೆ ಖಂಡೇಪೂಜಿಗೆ ಮಶೀನ್ ಪೂಜಾ ಮಾಡುವಾಗ ಇಟ್ಟಿದ್ದೇನು?" ಎಂದು ಸಾಹೇಬರು ಅವನನ್ನು ಕೇಳಿದರು.

"ಖರೇನ, ನಾ ಬರೇ ಹೂವ ಇಟ್ಟಿದ್ದೆರಿ."

ಅಂದು ಎಲ್ಲರೂ ಹೋದ ಮೇಲೆ ಅಡಿಕೆ ಇಟ್ಟವನು ನಾನು. ಯಾಕೆಂದು ಈಗಲೂ ಗೊತ್ತಿಲ್ಲ. "ಅಡಿಕಿ ನಂದರಿ," ಎಂದೆ.

ಸಾಹೇಬರು ನಕ್ಕರು. "ಅವನ್ನ ಉಳಸಾಕ ಸುಳ್ಳ ಯಾಕ್ರಿ ರಾಯರ? ನೀವು ದೇವರಿಗೆ ಕೈ ಮುಗದದ್ದು ಯಾರರ ನೋಡ್ಯಾರೇನು?"

ಮೆಮೋ ಬಸಪ್ಪನಿಗೇ ಹೋಯಿತು. ನನ್ನ ನಾಸ್ತಿಕತೆಯ ಮೇಲೆ ಸಾಹೇಬರಿಗೆ ಇಷ್ಟೊಂದು ಭಕ್ತಿಯಿದೆಯೆಂದು ತಿಳಿದಿರಲಿಲ್ಲ.