ಎಡಮುರಿ ಹುಳು

ಮರದ ಬಸವನಹುಳುವನ್ನು ಬೆರಳಲ್ಲಿ ಮುಟ್ಟಿಯೇ ಅದು ಎಡಮುರಿಯೋ ಬಲಮುರಿಯೋ ಹೇಳುವಷ್ಟು ಪಳಗಿದ್ದಳು ಕಾಂಪಾ. ಸುಣ್ಣಕಲ್ಲು ಗುಡ್ಡದ ಕೆಳಗಿನ ಆ ಈಸಾನ್ ಸೀಮೆಯ ಹಳ್ಳಿಗೆ ವಿರತ್ ಮೇಷ್ಟ್ರು ಇಪ್ಪತ್ತು ವರ್ಷಗಳಿಂದ ಪ್ರತಿ ಮಳೆಗಾಲ ಈ ಹುಳುಗಳ ಅಧ್ಯಯನಕ್ಕೆ ಬರುತ್ತಿದ್ದರು. ಅವಳು ಎರಡು ಬುಟ್ಟಿಗಳಲ್ಲಿ ಬೇರೆ ಮಾಡಿ ತಂದದ್ದನ್ನು ಅವರು ಒಂದೇ ಪೆಟ್ಟಿಗೆಗೆ ಸುರಿಯುತ್ತಿದ್ದರು. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಈ ಆಂಫಿಡ್ರೋಮಸ್ ಕುಲದ ಹುಳುಗಳ ವಿಚಿತ್ರವೇ ಇದು ಅಕ್ಕ. ಎಡಕ್ಕೆ ಸುತ್ತಿರ್ಲಿ, ಬಲಕ್ಕೆ ಸುತ್ತಿರ್ಲಿ, ಜಾತಿ ಒಂದೇ."

"ಬಲ ಬದುಕಿರೋರ್ದು, ಎಡ ಸತ್ತೋರ್ದು. ಅದ್ಹೇಗೆ ಒಂದೇ ಆಗುತ್ತೆ? ಓದಿ ಓದಿ ನಿಮ್ಮ ತಲೆ ಕೆಟ್ಟಿದೆ ಮೇಷ್ಟ್ರೇ."

ಆ ಸೀಮೆಯಲ್ಲಿ ಹೆಣಕ್ಕೆ ಚಿತೆಯ ಸುತ್ತ ಎಡಕ್ಕೆ ಮೂರು ಅಪ್ರದಕ್ಷಿಣೆ ಹಾಕಿಸುತ್ತಾರೆ. ಹಾಗೆ ಮಾಡದಿದ್ದರೆ ಸತ್ತವರ ಜೀವ ಊರು ಬಿಟ್ಟು ಹೋಗುವುದಿಲ್ಲ. ಹೋದ ವರ್ಷ, ಒಂದು ಕಾಲು ಕುಂಟುತ್ತಿದ್ದ ಗಂಡ ಥೊಂಗ್‌ಸಾ ಕೆಮ್ಮಿ ಕೆಮ್ಮಿ ಸತ್ತಾಗ, ಫೋಟೊ ಹಿಡಿದು ಮುಂದಿದ್ದ ಕಾಂಪಾ ಬೇಕೆಂದೇ ಬಲಕ್ಕೆ ತಿರುಗಿದ್ದಳು. ಕಣ್ಣು ಮಂಜಾದ ಮುದಿ ಭಿಕ್ಷು ಅವಳ ಹೆಜ್ಜೆ ಸಪ್ಪಳವನ್ನೇ ಹಿಂಬಾಲಿಸಿದರು. ಪಾಪ, ದುಃಖದಲ್ಲಿ ತಪ್ಪಿದಳೆಂದು ಉಳಿದವರು ಬಾಯಿ ಬಿಡಲಿಲ್ಲ.

ಅಂದಿನಿಂದ ಹಗಲಲ್ಲೇ ಅವಳ ಬೆನ್ನ ಹಿಂದೆ ಕುಂಟು ಹೆಜ್ಜೆ ಕೇಳತೊಡಗಿತು. ಮೊದಮೊದಲು ಖುಷಿಯಾಯಿತು, ಅಂಟಕ್ಕಿ ಅನ್ನದ ಎರಡು ತುತ್ತು ತೆಗೆದಿಟ್ಟು ಮಾತಾಡಿಸುತ್ತಿದ್ದಳು. ಆಮೇಲೆ ಕೆಮ್ಮೂ ಬಂತು. ಅದೇ ಕೆಮ್ಮು, ಅದೇ ಉಬ್ಬಸ. ಗಂಡನನ್ನು ಉಳಿಸಿಕೊಂಡವಳು ಅವನ ನರಳಾಟವನ್ನೂ ಉಳಿಸಿಕೊಂಡಿದ್ದಳು. ಅವನ ಬೂದಿ ಹೂತ ಹಿತ್ತಲ ಮಾವಿನ ಮರದಲ್ಲಿ ಒಂದೇ ಒಂದು ಎಡಮುರಿ ಕಾಣಲಿಲ್ಲ. "ಹೀಗೂ ಇರುತ್ತೆ" ಎಂದು ಮೇಷ್ಟ್ರು ಬರೆದುಕೊಂಡರು, ಆದರೆ ಎರಡು ಸಲ ಎಣಿಸಿದರು.

ಮಳೆ ನಿಂತ ಒಂದು ಬೆಳಿಗ್ಗೆ ಉಬ್ಬಸ ಕೇಳಲಾರದೆ ಅವಳು ಫೋಟೊ ಎತ್ತಿಕೊಂಡಳು.

"ನನ್ನ ಆಸೆಗೆ ನಿನ್ನ ಇಷ್ಟು ಗೋಳಾಡಿಸ್ಬಿಟ್ಟೆ. ಹೋಗು ಮಾರಾಯ" ಎಂದು ಮಾವಿನ ಮರಕ್ಕೆ ಎಡಕ್ಕೆ ಸುತ್ತತೊಡಗಿದಳು.

ಮೊದಲ ಸುತ್ತಿನಲ್ಲಿ ಹಿಂದೆ ಕೆಮ್ಮಿತ್ತು. ಎರಡನೆಯದರಲ್ಲಿ ಬರೀ ಕುಂಟು ಹೆಜ್ಜೆ. ಮೂರನೆಯದು ಮುಗಿಯುವ ಹೊತ್ತಿಗೆ ಕತ್ತಿಗೆ ತಣ್ಣನೆಯ ಉಸಿರು ತಾಗಿತು, ಆಮೇಲೆ ಏನೂ ಇಲ್ಲ. ತಿರುಗಿ ನೋಡಿದಳು. ಒದ್ದೆ ಮಣ್ಣಿನಲ್ಲಿ ಅವಳ ಹೆಜ್ಜೆಗಳ ಮೇಲೆ ಒಂದು ಕಾಲು ಎಳೆದ ಗೀರು ಮರದ ಬುಡದವರೆಗೆ ಹೋಗಿತ್ತು.

ಮಧ್ಯಾಹ್ನ ಬಂದ ಮೇಷ್ಟ್ರು ಕಾಂಡದ ಮುಂದೆ ನಿಂತುಬಿಟ್ಟರು. "ಎಡಮುರಿ. ಪೂರ್ತಿ ಬೆಳೆದದ್ದು. ಇಷ್ಟು ದಿನ ಎಲ್ಲಿತ್ತಕ್ಕ ಇದು?"

ಅವರು ಪೆಟ್ಟಿಗೆ ತೆರೆಯಹೋದರೆ ಕಾಂಪಾ ಮುಚ್ಚಳ ಒತ್ತಿ ಹಿಡಿದಳು.

"ಬರ್ಕೊಳ್ಳಿ. ಕೀಳ್ಬೇಡಿ."

"ಸರಿ, ಬೇರೆ ಪುಟದಲ್ಲಿ ಬರೀಲಾ, ನಿನ್ನ ಲೆಕ್ಕದ ಹಾಗೆ?"

"ಬೇಡ. ಎಲ್ರ ಜೊತೆಗೇ ಬರೀರಿ. ಜಾತಿ ಒಂದೇ ಅಂದಿದ್ರಲ್ಲ."