ಹಿಂದೆ ನೋಡಿದ ನವಿಲು

ಬೆಳಗ್ಗೆ ಕಪಾಟು ತೆಗೆದರೆ ಸೀಮೆಎಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಕೆಮ್ಮಿನ ಔಷಧಿಯ ಹಳೇ ಬಾಟಲಿಯಲ್ಲಿ ಎರಡು ಬೆರಳಷ್ಟು ಉಳಿದಿದೆ, ಮುಚ್ಚಳ ಸಡಿಲವಾಗಿತ್ತು. ಈಗ ಲಿಂಗರಾಜಪುರದ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಸೀಮೆಎಣ್ಣೆ ಸ್ಟವ್ ಇಲ್ಲ. ಮಕ್ಕಳಂತೂ ಅದೇನು ಎಂದೇ ಕೇಳುತ್ತಾರೆ. ನನ್ನ ಕಪಾಟಿನಲ್ಲಿ ಮಾತ್ರ ಅದು ಚಿನ್ನದ ಪಕ್ಕದಲ್ಲಿ ಕೂತಿದೆ. ವಾಸನೆ ಹತ್ತಿದ ಕೂಡಲೇ ಬಾಗಿಲು ಮುಚ್ಚಿಬಿಟ್ಟೆ. ಆಮೇಲೆ ಮತ್ತೆ ತೆಗೆದೆ. ಮೇಜಿನ ಮೇಲೆ ಮೆರೂನ್ ಬಣ್ಣದ ರೇಷ್ಮೆ ಕಾಯುತ್ತಿತ್ತು, ತೆಗೆಯದೆ ವಿಧಿಯಿರಲಿಲ್ಲ.

ಸೀಮೆಎಣ್ಣೆಗೆ ಹೆದರುವ ಇವಳೆಂಥವಳು ಎಂದು ನೀವು ನಗಬಹುದು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ ಸೀಮೆಎಣ್ಣೆಯದ್ದಲ್ಲ, ನವಿಲಿನದ್ದು. ಇದಕ್ಕೆ ಇನ್ನೂ ಜೋರಾಗಿ ನಗು ಬರುತ್ತದೆ, ಬರಲಿ.

ನಾನು ಮದುವೆ ರವಿಕೆಗಳಿಗೆ ಚಿತ್ರ ಬರೆದುಕೊಡುವವಳು. ಜರಿ, ಮಣಿ ಹಾಕಿ ಹೊಲಿಯುವವರು ಬೇರೆ; ಅವರ ಸೂಜಿ ಎಲ್ಲೆಲ್ಲಿ ಹೋಗಬೇಕೆಂದು ಗೆರೆ ಹಾಕಿಕೊಡುವುದಷ್ಟೇ ನನ್ನ ಕೆಲಸ. ಇದನ್ನು ಕಲಿತದ್ದು, ಇಂದಿಗೂ ಹೆಚ್ಚಾಗಿ ಮಾಡುವುದು ಶಿವಾಜಿನಗರದಲ್ಲಿ, ಜೀನತ್ ಆಪಾ ಅವರ ಕಸೂತಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಮೊದಲು ಟ್ರೇಸಿಂಗ್ ಹಾಳೆಯ ಮೇಲೆ ಪೆನ್ಸಿಲಿನ ಚಿತ್ರ. ಆ ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು. ತೂತು ಹಾಕಿದ ಹಾಳೆಗೆ ಖಾಕಾ ಎಂದು ಹೆಸರು. ಅದನ್ನು ರೇಷ್ಮೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನು ಬಟ್ಟೆಯ ಉಂಡೆಯಿಂದ ಉಜ್ಜಿದರೆ ಕೆಳಗೆ ಚುಕ್ಕಿಗಳಲ್ಲಿ ಚಿತ್ರ ಮೂಡುತ್ತದೆ. ಎಣ್ಣೆ ಆರಿಹೋಗುತ್ತದೆ, ಪುಡಿ ಉಳಿಯುತ್ತದೆ. ಒಂದು ತೋಳಿಗೆ ಉಜ್ಜಿದ ಮೇಲೆ ಖಾಕಾವನ್ನು ಮಗುಚಿ ಇನ್ನೊಂದು ತೋಳಿಗೆ ಉಜ್ಜಬೇಕು. ಆಗ ಎರಡು ತೋಳಿನ ನವಿಲುಗಳೂ ಮುಂದಕ್ಕೆ ನೋಡುತ್ತವೆ. ಮಗುಚದಿದ್ದರೆ ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ದೋಸೆ ಮಗುಚಲು ಬರುವ ಯಾರಿಗಾದರೂ ಬರುವ ಕೆಲಸ.

ಐದು ವರ್ಷದ ಹಿಂದೆ ಒಂದು ಸಲ ನಾನು ಮಗುಚಲಿಲ್ಲ.

ಹಲಸೂರಿನ ಸರೋಜಮ್ಮ ಎಂಬವರು ಹಿರಿಯ ಮಗಳ ಮದುವೆಗೆಂದು ಹಸಿರು ರೇಷ್ಮೆ ತಂದಿದ್ದರು. ನನ್ನೆದುರು ಕೂತು ಒತ್ತಿ ಹೇಳಿದ್ದರು: "ನೋಡಮ್ಮಾ, ಎರಡು ನವಿಲೂ ಮುಂದಕ್ಕೇ ನೋಡ್ಬೇಕು. ಮದ್ವೆ ಹುಡ್ಗಿ ಮೈಮೇಲೆ ಹಿಂದಕ್ಕೆ ನೋಡೋ ನವಿಲಿದ್ರೆ ಅವ್ಳು ತವರಿಗೆ ವಾಪಸ್ ಬಂದ್ಬಿಡ್ತಾಳೆ ಅಂತಾರೆ ನಮ್ ಕಡೆ."

"ಅದೇನು ನಮ್ಗೆ ಹೊಸ್ದಾ ಅಮ್ಮಾ, ಬಿಡಿ" ಎಂದಿದ್ದೆ ನಾನು. ಆಗ ನನಗೆ ನನ್ನ ಕೈಯ ಮೇಲೆ ಎಷ್ಟು ಜಂಬವೆಂದರೆ, ಪೆಟ್ಟಿಗೆಯಲ್ಲಿ ರಬ್ಬರನ್ನೇ ಇಟ್ಟುಕೊಳ್ಳುತ್ತಿರಲಿಲ್ಲ.

ಉಜ್ಜಿದ ದಿನ ಮೈ ಕಾಯುತ್ತಿತ್ತು. ಬೇಗ ಮುಗಿಸಿ ಬಸ್ಸು ಹಿಡಿದು ಬಂದು ಮಲಗಿದವಳು ಎರಡು ವಾರ ಏಳಲಿಲ್ಲ. ವಾಪಸು ಹೋದಾಗ ರವಿಕೆ ಹೊಲಿದು ಹೋಗಿಯಾಗಿತ್ತು. ಹಳೆಯ ಖಾಕಾಗಳನ್ನು ಜೋಡಿಸಿಡೋಣವೆಂದು ಕೂತೆ. ನವಿಲಿನ ಹಾಳೆ ಕೈಗೆ ಬಂತು. ಒಂದು ಮೈಗೆ ಪೂರ್ತಿ ಬಿಳಿ ಬಳಿದುಕೊಂಡಿತ್ತು. ಇನ್ನೊಂದು ಮೈಯಲ್ಲಿ ತೂತುಗಳಿಂದ ಜಿನುಗಿದ ಚುಕ್ಕಿ ಬಿಟ್ಟರೆ ಏನೂ ಇಲ್ಲ. ಮಗುಚಿ ಉಜ್ಜಿದ್ದರೆ ಎರಡೂ ಮೈ ಬಿಳಿಯಾಗಿರಬೇಕಿತ್ತು. ಗಡಿಯಾರ ನೋಡಿದೆ, ಹತ್ತೂಕಾಲು. ಹಲಸೂರಿನಲ್ಲಿ ಆ ಹೊತ್ತಿಗೆ ಸರಿಯಾಗಿ ಮುಹೂರ್ತ.

ಹೊಲಿದವರು ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಗೆರೆ ಹೇಗೋ ಸೂಜಿ ಹಾಗೆ. ಪ್ರಶ್ನೆ ಮಾಡುವುದು ಅವರ ರೂಢಿಯಲ್ಲ. ನಾನಾದರೂ ಹೇಳಿದೆನೇ? ಹಾಳೆಯನ್ನು ಎಂಟು ಮಡಿಕೆ ಮಾಡಿ ಬ್ಯಾಗಿನಲ್ಲಿ ತುರುಕಿಕೊಂಡು, ಆಪಾ ಕೊಟ್ಟ ಚಹಾ ಕುಡಿದು, ಏನೂ ಆಗದವಳಂತೆ ಕೂತೆ.

ಆಮೇಲೆ ಫೋನಿಗಾಗಿ ಕಾದೆ. ಇವತ್ತು ಬರುತ್ತದೆ, ನಾಳೆ ಬರುತ್ತದೆ. ಬರಲೇ ಇಲ್ಲ. ಬೈಸಿಕೊಂಡಿದ್ದರೆ ಒಂದು ದಿನ ಅತ್ತು ಮುಗಿದುಹೋಗುತ್ತಿತ್ತು. ಯಾರೂ ಬೈಯದೆ ಇದ್ದುದರಿಂದ ಹೆದರಿಕೆ ನನ್ನಲ್ಲೇ ಮನೆ ಮಾಡಿತು. ಆ ಹುಡುಗಿಯನ್ನು ನಾನು ನೋಡಿಯೇ ಇಲ್ಲ. ಆದರೂ ಅವಳು ಬ್ಯಾಗು ಹಿಡಿದು ತವರಿನ ಗೇಟಿನ ಮುಂದೆ ನಿಂತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಚಪ್ಪಲಿ ಮೆಟ್ಟುವಾಗ ಎಡ ಬಲ ಎರಡೆರಡು ಸಲ ನೋಡಿಕೊಳ್ಳತೊಡಗಿದೆ. ಬಾಣಸವಾಡಿಯಲ್ಲಿ ಒಂದು ಕಲ್ಯಾಣ ಮಂಟಪವಿದೆ, ಬಾಗಿಲಿಗೆ ಥರ್ಮೋಕೋಲಿನ ಎರಡು ನವಿಲು ನಿಲ್ಲಿಸುತ್ತಾರೆ. ಅದು ಕಂಡರೆ ರಸ್ತೆ ದಾಟಿ ಆಚೆ ಬದಿಯಿಂದ ಹೋಗುತ್ತಿದ್ದೆ. ಒಂದು ಸಲ ಹಾಗೆ ದಾಟಲು ಹೋಗಿ ಆಟೋದವನಿಂದ ಬೈಸಿಕೊಂಡೆ. ಹುಲಿಗೆ ಹೆದರಿ ಸತ್ತರೆ ಮರ್ಯಾದೆಯಾದರೂ ಉಂಟು.

ಎಲ್ಲಕ್ಕಿಂತ ಕೆಟ್ಟದ್ದು, ಕೈ ನಿಂತುಹೋಯಿತು. ಪೆನ್ಸಿಲು ಹಾಳೆಗೆ ತಾಗಿದರೆ ಗೆರೆ ನಡುಗುತ್ತಿತ್ತು. ಮಾವಿನಕಾಯಿಯ ಬಳುಕು ಕೂಡ ಬರಲಿಲ್ಲ. ಬೇರೆಯವರು ಬರೆದದ್ದಕ್ಕೆ ತೂತು ಹಾಕುತ್ತಾ ಕೂತೆ. ಇನ್ನು ನನ್ನಿಂದ ಒಂದು ಗೆರೆಯೂ ಹುಟ್ಟುವುದಿಲ್ಲ ಎಂದು ಖಾತ್ರಿಯಾಗಿತ್ತು. ಇದೊಂದು ಬಿಟ್ಟರೆ ನನಗೆ ಬೇರೆ ವಿದ್ಯೆ ಗೊತ್ತಿಲ್ಲ.

ಆಪಾ ಎಲ್ಲ ನೋಡುತ್ತಿದ್ದರು. ಒಂದು ದಿನ ಯಾವುದೋ ಹಾರ್ಡ್‌ವೇರ್ ಅಂಗಡಿಯವರು ಹಂಚಿದ್ದ ಹೋದ ವರ್ಷದ ಡೈರಿಯನ್ನು ನನ್ನ ಮುಂದೆ ಇಟ್ಟರು.

"ಬೇಟಾ, ದಿನಾ ಒಂದು ಸಾಮಾನು ನೋಡಿ ಬರಿ. ಕೆಳಗೆ ನಾಲ್ಕು ಮಾತು ಬರಿ. ರಬ್ಬರ್ ಮಾತ್ರ ನಕ್ಕೋ, ಅಳಿಸ್ಬೇಡ."

"ಏನ್ ಬರೀಲಿ ಆಪಾ? ಕೈಯೇ ಬರ್ತಿಲ್ಲ."

"ಅದನ್ನೇ ಬರಿ."

ಮೊದಲ ದಿನ ಶುಂಠಿ ಬರೆದೆ. ಶುಂಠಿಗೆ ಒಂದು ಅನುಕೂಲವಿದೆ, ಹೇಗೆ ಬರೆದರೂ ಶುಂಠಿಯೇ. ಕೆಳಗೆ, "ಇವತ್ತು ಶುಂಠಿ. ಹೆದರಿಕೆ ಇದೆ" ಎಂದು ಬರೆದೆ. ಮಾರನೆಯ ದಿನ ಬೀಗ, ಆಮೇಲೆ ಕುಕ್ಕರಿನ ವಿಶಲ್, ಆಪಾ ಅವರ ಒಂದು ಕಡ್ಡಿ ಮುರಿದ ಕನ್ನಡಕ. ಬಸ್ಸು ಕಾಯುವಾಗ ಕಮ್ಮನಹಳ್ಳಿಯ ಎಳನೀರಿನ ಗಾಡಿ. ಗೆರೆ ತಪ್ಪಿದರೆ ತಪ್ಪಿದ್ದೇ. ಪಕ್ಕದಲ್ಲಿ ಇನ್ನೊಂದು ಎಳೆಯಬೇಕು, ತಪ್ಪಿದ್ದೂ ಅಲ್ಲೇ ಇರುತ್ತದೆ.

ಇನ್ನೊಂದು ಗುಟ್ಟು ಹೇಳುತ್ತೇನೆ. ಆಪಾ ನಮ್ಮ ಹಾಗೆ ಕನ್ನಡ ಮಾತಾಡುತ್ತಾರೆ, ಆದರೆ ಓದಲು ಉರ್ದು ಒಂದೇ ಗೊತ್ತು. ಹಾಗಾಗಿ ನನಗೆ ಧೈರ್ಯ. ದಿನವೂ ಡೈರಿಯನ್ನು ಅವರಿಗೆ ತೋರಿಸುವುದು. ಚಿತ್ರದ ಕೆಳಗೆ ಅವರ ಕಣ್ಣೆದುರೇ ನನ್ನ ತಪ್ಪು, ಹಾಳೆಯ ಬಿಳಿ ಮೈ, ಆ ಹುಡುಗಿ, ಫೋನು, ಎಲ್ಲ.

"ಕೆಳಗೇನು ಬರ್ದಿದೀಯಾ?" ಎಂದು ಕೇಳುತ್ತಿದ್ದರು.

"ಏನಿಲ್ಲ ಆಪಾ, ಸುಮ್ನೆ."

"ಸುಮ್ನೆ ಇಷ್ಟುದ್ದಾನಾ?"

ಒಂದು ಡೈರಿ ಮುಗಿದು ಎರಡನೆಯದಾಯಿತು, ಮೂರನೆಯದಾಯಿತು. ಎರಡನೆಯದರ ನಡುವೆ ಎಲ್ಲೋ ಒಂದು ದಿನ ನುಗ್ಗೆಸೊಪ್ಪಿನ ಕಡ್ಡಿ ಬರೆಯುತ್ತಿದ್ದೆ. ಅದು ತಾನಾಗಿ ಬಳುಕಿ ಬಳ್ಳಿಯಾಯಿತು. ಆ ಬಳ್ಳಿ ಒಂದು ಹತ್ತಿ ರವಿಕೆಯ ಕತ್ತಿಗೆ ಹೋಯಿತು. ಆ ದಿನ ಮನೆಗೆ ಬಂದು ಒಬ್ಬಳೇ ಅತ್ತೆ. ಆಮೇಲೆ ಮಾವು, ಕಮಲ, ಗಿಳಿ ಒಂದೊಂದಾಗಿ ಕೈಗೆ ವಾಪಸಾದವು. ಆಪಾ ಒಮ್ಮೆ ಮೂರೂ ಡೈರಿ ತಿರುವಿ ಹಾಕಿ, "ಲೋಕದಲ್ಲಿರೋದೆಲ್ಲಾ ಇದೆ. ನವಿಲು ಎಲ್ಲಿ?" ಎಂದರು. ನಾನು ಚಹಾ ತರುತ್ತೇನೆಂದು ಎದ್ದುಹೋದೆ.

ಹೋದ ವಾರ ಅಂಗಡಿಯ ಮೆಟ್ಟಿಲು ಹತ್ತಿ ಸರೋಜಮ್ಮ ಬಂದರು. ಐದು ವರ್ಷ ಫೋನಿಗೆ ಕಾದವಳಿಗೆ ಮನುಷ್ಯರೇ ಎದುರು ಬಂದರೆ ಹೇಗಾಗಬೇಡ! ಅವರು ಏದುಸಿರು ಬಿಡುತ್ತಾ ಕೂತು, ಕವರಿನಿಂದ ಮೆರೂನ್ ರೇಷ್ಮೆ ತೆಗೆದರು. ಅದರ ಹಿಂದೆಯೇ ಹಸಿರು ರವಿಕೆ.

"ಚಿಕ್ಕವಳ ಮದ್ವೆ ಕಣಮ್ಮ. ದೊಡ್ಡವಳದ್ದು ಮಾದರಿಗೆ ತಂದಿದೀನಿ. ಇದೇ ಥರ ಬೇಕು, ಒಂಚೂರೂ ಬೇರೆ ಮಾಡ್ಬೇಡ."

ಅಂದರೆ ಅವರು ನೋಡಿಯೇ ಇಲ್ಲ! ಎಡತೋಳಿನ ನವಿಲನ್ನು ಮದುವೆಯಲ್ಲಿ ಸೆರಗು ಮುಚ್ಚಿಟ್ಟಿತ್ತು, ಆಮೇಲೆ ಪೆಟ್ಟಿಗೆ ಮುಚ್ಚಿಟ್ಟಿತ್ತು. ಸುಮ್ಮನಿದ್ದು ಈ ಸಲ ಸರಿಯಾಗಿ ಮಗುಚಿ ಉಜ್ಜಿದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಬುದ್ಧಿ ಹಾಗೇ ಹೇಳಿತು. ಆದರೆ ವರ್ಷಗಟ್ಟಲೆ ದಿನಾ ಬರೆದದ್ದು ಬಾಯಿಗೆ ಬಂದುಬಿಟ್ಟಿತು.

"ಅಮ್ಮಾ, ಎಡಗಡೆ ನವಿಲು ಹಿಂದಕ್ಕೆ ನೋಡ್ತಿದೆ. ನಾನೇ ತಪ್ಪು ಮಾಡಿದ್ದು. ಆವತ್ತೇ ಗೊತ್ತಾಯ್ತು, ಹೇಳೋಕೆ ಭಯ ಆಯ್ತು."

ಸರೋಜಮ್ಮ ಎರಡೂ ತೋಳನ್ನು ಮಂಡಿಯ ಮೇಲೆ ಹರಡಿ ಒಂದೊಂದಾಗಿ ನೋಡಿದರು. ತಡೆಯಲಾರದೆ ಕೇಳಿದೆ, "ದೊಡ್ಡ ಮಗ್ಳು ಚೆನ್ನಾಗಿದಾರಾ ಅಮ್ಮಾ?"

"ಅವ್ಳಾ? ವಾರಕ್ಕೆರಡು ಸಲ ಗಂಡನ ಮೇಲೆ ಮುನಿಸ್ಕೊಂಡು ಬ್ಯಾಗ್ ಎತ್ಕೊಂಡ್ ಬರ್ತಾಳೆ. ಊಟ ಮಾಡ್ಕೊಂಡು ಸಾಯಂಕಾಲ ವಾಪಸ್ ಹೋಗ್ತಾಳೆ." ಅಷ್ಟು ಹೇಳಿ ಮತ್ತೆ ನವಿಲನ್ನು ನೋಡಿದರು. "ನೀನಿದನ್ನ ಹೇಳ್ಬಾರ್ದಿತ್ತು ಕಣೇ. ಇನ್ಮೇಲೆ ಅವ್ಳು ಗೇಟ್ ತೆಗ್ದಾಗೆಲ್ಲಾ ನಂಗೆ ಇದೇ ನೆನಪಾಗುತ್ತೆ."

ನನಗೆ ಕ್ಷಮೆ ಸಿಗಲಿಲ್ಲ. ನನ್ನ ಹೆದರಿಕೆಯಲ್ಲಿ ಅರ್ಧ ಅವರ ಕೈಗೆ ಕೊಟ್ಟಂತಾಯಿತು, ಅಷ್ಟೆ. ಬೇರೆಯವರ ಕೈಯಲ್ಲಿ ಬರೆಸಿ ಎಂದು ರೇಷ್ಮೆಯನ್ನು ಅವರ ಕಡೆಗೆ ತಳ್ಳಿದೆ. ಅವರು ಅದನ್ನು ವಾಪಸು ತಳ್ಳಿದರು.

"ಬೇರೆಯವ್ರಿಗೆ ಎಲ್ಲಿ ತಪ್ಪಾಗುತ್ತೆ ಅಂತ ಏನ್ ಗೊತ್ತು? ನಿಂಗೆ ಗೊತ್ತು. ನೀನೇ ಬರಿ."

ಅವರು ಮೆಟ್ಟಿಲು ಇಳಿದ ಮೇಲೆ ಆಪಾ ಕನ್ನಡಕ ಒರೆಸುತ್ತಾ ಕೇಳಿದರು, "ಇಷ್ಟು ವರ್ಷ ಡೈರಿ ಕೆಳಗೆ ಇದೇನಾ ಬರೀತಿದ್ದಿದ್ದು?"

"ಹೂಂ ಆಪಾ."

"ನೀನು ಉರ್ದು ಕಲ್ತಿದ್ರೆ ಬೇಗ ಮುಗೀತಿತ್ತಲ್ಲ ಬೇಟಾ" ಎಂದು ಚಹಾಕ್ಕೆ ನೀರಿಟ್ಟರು.

ಇವತ್ತು ಬೆಳಗ್ಗೆ ಡೈರಿಯಲ್ಲಿ ನವಿಲು ಬರೆದೆ. ಕತ್ತು ಎರಡು ಸಲ ತಪ್ಪಿತು, ಎರಡೂ ಹಾಗೇ ಇವೆ. ಕೆಳಗೆ, "ಇವತ್ತು ನವಿಲು. ಹೆದರಿಕೆ ಇದೆ" ಎಂದು ಬರೆದೆ. ಆಮೇಲೆ ಟ್ರೇಸಿಂಗ್ ಹಾಳೆ, ಸೂಜಿ, ಬಿಳಿ ಪುಡಿ, ಕೊನೆಗೆ ಆ ಬಾಟಲಿ. ಬಲತೋಳಿಗೆ ಉಜ್ಜಿದೆ. ಹಾಳೆ ಎತ್ತಿದೆ. ಮಗುಚಿದೆ. ಎಡತೋಳಿಗೆ ಉಜ್ಜಿದೆ. ಈಗ ಖಾಕಾ ಕಿಟಕಿಯ ಹತ್ತಿರ ಒಣಗುತ್ತಿದೆ. ಎರಡೂ ಮೈಗೆ ಬಿಳಿ ಹತ್ತಿದೆಯೇ ಎಂದು ಎದ್ದುಹೋಗಿ ನೋಡಿದೆ. ಬಂದು ಕೂತು, ಮತ್ತೆ ಎದ್ದು ನೋಡಿದೆ. ಮೂರನೆಯ ಸಲವೂ ನೋಡಿದೆ.

ನಾಲ್ಕನೆಯ ಸಲ ಎದ್ದವಳು ಕಿಟಕಿಯ ಕಡೆ ಹೋಗದೆ, ಬಾಟಲಿಯ ಮುಚ್ಚಳ ಬಿಗಿ ಮಾಡಿ ಕಪಾಟಿನಲ್ಲಿಟ್ಟೆ.