ಪರೇಲಿನ ಗ್ಯಾರೇಜಿನಲ್ಲಿ ತಾನಾಗಿ ಕದಲಿದ ಕಾರು

ಮೂರು ವರ್ಷದ ಹಿಂದಿನ ಮಾತು. ಮುಂಬಯಿಯ ಬೈಕುಲ್ಲಾದಲ್ಲಿ ನಾನು ಆಟೋ ಇಲೆಕ್ಟ್ರಿಷಿಯನ್ ಅಂತ ಬೋರ್ಡು ಹಾಕಿ ಆಗ ಮೂವತ್ತು ವರ್ಷ ದಾಟಿತ್ತು. ಎಂಜಿನ್ ಬಿಚ್ಚುವುದು, ಡೆಂಟಿಂಗ್, ಪೇಂಟಿಂಗ್ ನನ್ನ ಕೆಲಸವಲ್ಲ. ಬ್ಯಾಟರಿ, ಡೈನಮೊ, ಲೈಟು, ಹಾರ್ನು, ಸೆಲ್ಫ್, ಇಷ್ಟೇ. ಸೆಲ್ಫ್ ಅಂದರೆ ಎಂಜಿನ್ನನ್ನು ಮೊದಲು ತಿರುಗಿಸಿ ಎಬ್ಬಿಸುವ ಮೋಟಾರು. ಹಳೇ ವಿಲಾಯತಿ ಕಾರು ಇಟ್ಟುಕೊಂಡ ಶೋಕಿವಾಲರೆಲ್ಲ ಕೊನೆಗೆ ನನ್ನ ಹತ್ತಿರವೇ ಬರುತ್ತಿದ್ದರು. ಅದರ ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ವರ್ಷ ದೀಪಾವಳಿ ಕಳೆದ ಮೇಲೆ ಪರೇಲಿನಿಂದ ಜಲಜಕ್ಕನ ಫೋನು ಬಂತು. ಅವರು ಉಡುಪಿ ಕಡೆಯವರು. ಅವರ ಯಜಮಾನರು ಹೋಟೆಲು ನಡೆಸಿ ಚೆನ್ನಾಗಿ ಬಾಳಿದವರು, ತೀರಿಕೊಂಡು ಒಂದು ವರ್ಷವಾಗಿತ್ತು. ಅವರು ಜೀವದಂತೆ ನೋಡಿಕೊಂಡಿದ್ದ ಕಪ್ಪು ಬಣ್ಣದ ಇಂಗ್ಲಿಷ್ ಕಾರೊಂದು ಬಿಲ್ಡಿಂಗಿನ ಹಿಂದಿನ ಗ್ಯಾರೇಜಿನಲ್ಲಿತ್ತು. ನನಗಿಂತ ಹಳೆಯದು.

"ವಾಸು, ವರ್ಷಾಂತಿಕದ ದಿನ ದೇವಸ್ಥಾನಕ್ಕೆ ಹೋಗುವ ಅಂತ ಹೊರಟರೆ ಗಾಡಿ ಏಳಲೇ ಇಲ್ಲ ಮಾರಾಯ. ಒಮ್ಮೆ ಬಂದು ನೋಡು," ಅಂದರು.

ಹೋದೆ. ಬ್ಯಾಟರಿ ಸತ್ತು ಹೋಗಿತ್ತು. ಹೊಸದು ಕೂರಿಸಿ, ಟರ್ಮಿನಲ್ ತಿಕ್ಕಿ, ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸಿದೆ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ವರ್ಷದಿಂದ ನಿಂತ ಗಾಡಿ, ಬ್ಯಾಟರಿ ಇಳಿಯದೆ ಏನು ಮಾಡೀತು ಅಂದುಕೊಂಡೆ. ಬೇರೆ ಎಲ್ಲೂ ಕೈಹಾಕಿ ನೋಡಲಿಲ್ಲ. ಚಹಾ ಕುಡಿದು ಲೋಕಲ್ ಟ್ರೇನು ಹಿಡಿದೆ.

ಐದನೇ ದಿನ ಬೆಳಿಗ್ಗೆ ಮಲ್ಲಪ್ಪ ನನ್ನ ಅಂಗಡಿಗೆ ಬಂದ. ಅವನು ಆ ಮನೆಯ ಡ್ರೈವರ್, ವಿಜಯಪುರ ಕಡೆಯವನು. ಇಪ್ಪತ್ತಾರು ವರ್ಷದಿಂದ ಆ ಗ್ಯಾರೇಜಿನ ಪಕ್ಕದ ಸಣ್ಣ ಕೋಣೆ, ಆ ಖೋಲಿಯೇ ಅವನ ಮನೆ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಸ್ಟೂಲು ಕೊಟ್ಟರೂ ಕೂರಲಿಲ್ಲ.

"ಅಣ್ಣಾರ, ಗಾಡಿ ತಾನ ಎದ್ದು ಅಕ್ಕಾರಿಗೆ ಹಾಯ್ದೈತ್ರಿ," ಅಂದ. "ನಾ ಮಾಟ ಮಾಡ್ಸೀನಿ ಅಂತಾರ. ಬರೋ ಸೋಮವಾರ ಖೋಲಿ ಖಾಲಿ ಮಾಡು ಅಂದಾರ. ನೀವ ಒಮ್ಮೆ ಬಂದು ನೋಡ್ರಿ. ನಿಮ್ಮ ಕಾಲು ಹಿಡೀತೀನಿ."

ಅವನನ್ನು ಬಲವಂತವಾಗಿ ಕೂರಿಸಿ ಮೊದಲಿಂದ ಕೇಳಿದೆ. ನನ್ನನ್ನು ಕರೆಸುವ ಮೊದಲೇ ವಿಚಿತ್ರ ಶುರುವಾಗಿತ್ತಂತೆ. ದಿನಾ ಮಧ್ಯಾಹ್ನ, ಬೀಗ ಹಾಕಿದ ಗ್ಯಾರೇಜಿನೊಳಗಿಂದ ಟಕ್, ಟಕ್ ಅಂತ ಶಬ್ದ. ಈ ಕಾರನ್ನು ಮಾತ್ರ ಯಜಮಾನರು ಡ್ರೈವರಿಗೆ ಬಿಡದೆ ತಾವೇ ಓಡಿಸುತ್ತಿದ್ದರು. ಅವರಿಗೆ ಸಿಗ್ನಲ್ಲಿನಲ್ಲಿ ಕಾಯುವಾಗ ಉಂಗುರದ ಬೆರಳಿನಿಂದ ಸ್ಟೇರಿಂಗ್ ಬಡಿಯುವ ಅಭ್ಯಾಸವಿತ್ತು. ಅದೇ ಶಬ್ದ ಅಂತ ಜಲಜಕ್ಕನಿಗೆ ಅನ್ನಿಸಿದೆ. ಹೆದರಿ, ಬೊರಿವಲಿಯಲ್ಲಿ ಯಾರೋ ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಟ್ಟು ಕೇಳಿಸಿದ್ದಾರೆ. "ಮನೆಯೊಳಗಿನ ಕೈ ಉಂಟು" ಅಂತ ಬಂದಿದೆ. ಮನೆಯೊಳಗೆ ಇದ್ದದ್ದು ಜಲಜಕ್ಕ ಮತ್ತು ಮಲ್ಲಪ್ಪ, ಇಬ್ಬರೇ.

ಇನ್ನು ಹಿಂದಿನ ದಿನದ ಘಟನೆ. ಯಜಮಾನರು ಹೋಟೆಲಿಗೆ ಹೊರಡುತ್ತಿದ್ದ ಹೊತ್ತಿಗೆ, ಅಂದರೆ ಮೂರು ಗಂಟೆಯ ಮೇಲೆ, ಜಲಜಕ್ಕ ಬಾನೆಟ್ ಮೇಲೆ ಒಂದು ಹೂ ಇಟ್ಟು ಕೈಮುಗಿಯುತ್ತಿದ್ದರು. ಕೈಮುಗಿದು ಕಣ್ಣು ಮುಚ್ಚಿದ್ದಾಗ ಕಾರು ಗುರ್ ಅಂದು ಒಂದು ಮೊಳ ಮುಂದೆ ಹಾರಿ ಮೊಣಕಾಲಿಗೆ ಬಡಿದಿದೆ. ಒಳಗೆ ನರಪಿಳ್ಳೆ ಇಲ್ಲ. ಕೀ ಗೂಟಕ್ಕೆ ನೇತಾಡುತ್ತಿತ್ತು. ಇನ್ನೊಂದು ಗೇಣು ಮುಂದೆ ಬಂದಿದ್ದರೆ ಅವರು ಕಾರಿಗೂ ಗೋಡೆಗೂ ಮಧ್ಯೆ ಅಪ್ಪಚ್ಚಿಯಾಗುತ್ತಿದ್ದರು.

ಬ್ಯಾಟರಿ ಸತ್ತಿದ್ದಾಗ ಕಾರು ಬರೀ ಟಕ್ ಅನ್ನುತ್ತಿತ್ತು. ಅದಕ್ಕೆ ಹಾರುವ ಶಕ್ತಿ ತುಂಬಿದವನು ನಾನೇ ಅಲ್ಲವೇ!

ಶನಿವಾರ ಹೋದೆ. ಜಲಜಕ್ಕ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದರು. ಬ್ಯಾಟರಿ ವೈರು ತೆಗೆದಿಟ್ಟರೆ ಸದ್ಯಕ್ಕೆ ಅಪಾಯವಿಲ್ಲ ಅಂದೆ. "ತೆಗೆದದ್ದನ್ನು ಹಾಕಲು ಅವನಿಗೂ ಬರ್ತದಲ್ಲ," ಅಂದರು, ಮಲ್ಲಪ್ಪನ ಕಡೆ ನೋಡದೆ. ಅವನಿಗೆ ಕೇಳಿಸುವಂತೆಯೇ ಅಂದರು. ಅವನು ತಲೆ ತಗ್ಗಿಸಿದ.

ಒಂದು ಏರ್ಪಾಡು ಮಾಡಿದೆ. ಜಲಜಕ್ಕ ಮತ್ತು ಮಲ್ಲಪ್ಪ ಹೊರಗೆ ಎದುರೆದುರು ಕುರ್ಚಿಯಲ್ಲಿ. ನಾನು ಒಳಗೆ, ಬಾಗಿಲಿಗೆ ಚಿಲಕ ಹಾಕಿ, ಕಾರಿನ ಹಿಂದಿನ ಸೀಟಿನಲ್ಲಿ. ಕೀ ನನ್ನ ಜೇಬಿನಲ್ಲಿ. ಹ್ಯಾಂಡ್ ಬ್ರೇಕ್ ಸವೆದಿದ್ದರಿಂದ ಕಾರನ್ನು ಗಿಯರಿನಲ್ಲೇ ನಿಲ್ಲಿಸುವುದು ಮಲ್ಲಪ್ಪನ ಪದ್ಧತಿ. ಅದು ಹಾರಿದ್ದೂ ಅದಕ್ಕೇ. ನಾನು ನ್ಯೂಟ್ರಲ್‌ಗೆ ತಂದು ಚಕ್ರಕ್ಕೆ ಇಟ್ಟಿಗೆ ಕೊಟ್ಟೆ.

ಒಳಗೆ ಕತ್ತಲು. ಕಿಂಡಿಯಿಂದ ಒಂದು ಪಟ್ಟಿ ಬಿಸಿಲು ಸ್ಟೇರಿಂಗ್ ಮೇಲೆ ಬಿದ್ದಿತ್ತು. ಸೀಟಿನ ಚರ್ಮಕ್ಕೆ ಯಜಮಾನರ ತಲೆಗೆಣ್ಣೆಯ ವಾಸನೆ ಇನ್ನೂ ಇತ್ತು. ಡ್ರೈವರ್ ಸೀಟಿನಲ್ಲಿ, ಅವರು ಒರಗುತ್ತಿದ್ದ ಜಾಗದಲ್ಲಿ, ಒಂದು ತಗ್ಗು. ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಮೂರು ಗಂಟೆ ದಾಟಿತು. ಎದುರಿನ ಕನ್ನಡಿ ಸಣ್ಣಗೆ ನಡುಗಲು ಶುರುವಾಯಿತು, ಯಾರೋ ಮುಂದಿನ ಸೀಟಿಗೆ ಬಂದು ಕೂತ ಹಾಗೆ. ಆಮೇಲೆ ಟಕ್. ಮರುಕ್ಷಣ ಗುರ್ ಅಂತ ಸೆಲ್ಫ್ ತಿರುಗಿ ಇಡೀ ಕಾರು ಕುಲುಕಿತು, ನಿಂತಿತು. ಮತ್ತೆ ಟಕ್. ಮತ್ತೆ ಗುರ್.

ಕರೆಂಟಿನ ಕೆಲಸದಲ್ಲಿ ಕೂದಲು ನೆರೆತವನು ನಾನು. ಆದರೂ ಹೇಳುತ್ತೇನೆ, ಬಾಗಿಲು ತೆಗೆದು ಹೊರಗೆ ಬಿದ್ದೆ. ಬಾಯಲ್ಲಿ ಮನೆದೇವರ ಹೆಸರು, ಅಂಗಿಯೆಲ್ಲ ಒದ್ದೆ.

"ಕೇಳಿತಾ ಜಲಜಕ್ಕ? ಮಲ್ಲಪ್ಪ ನಿಮ್ಮ ಕಣ್ಣೆದುರೇ ಇದ್ದ," ಅಂದೆ.

"ಮಾಟ ಮಾಡುವವ ಒಳಗೇ ಇರಬೇಕು ಅಂತ ಉಂಟಾ ವಾಸು?" ಅಂದರು. ಕಾರಣ ತೋರಿಸದೆ ಇವರನ್ನು ನಂಬಿಸಲು ಆಗುವುದಿಲ್ಲ ಅಂತ ಆಗ ಗೊತ್ತಾಯಿತು. ಸೋಮವಾರಕ್ಕೆ ಉಳಿದದ್ದು ಒಂದೇ ದಿನ.

ಭಾನುವಾರ ಮತ್ತೆ ಹೋಗಿ ಅದೇ ಸೀಟಿನಲ್ಲಿ ಕೂತೆ. ಮೂರಾಯಿತು, ನಾಲ್ಕಾಯಿತು, ಐದಾಯಿತು. ಏನೂ ಇಲ್ಲ. ಕನ್ನಡಿಯೂ ನಡುಗಲಿಲ್ಲ. ಆ ನಿಶ್ಶಬ್ದ ಹಿಂದಿನ ದಿನದ ಸದ್ದಿಗಿಂತ ಹೆಚ್ಚು ಕಾಡಿತು. ಏನೋ ಇರಬೇಕಾದದ್ದು ಇಲ್ಲ ಅನ್ನಿಸುತ್ತಿತ್ತು, ಏನು ಅಂತ ಹೊಳೆಯುತ್ತಿರಲಿಲ್ಲ. ಹೊರಗೆ ಬಂದು ಕಾಂಪೌಂಡಿನ ಆಚೆ ನೋಡಿದೆ. ಪಕ್ಕದ ಹಳೇ ಮಿಲ್ಲಿನ ಜಾಗದಲ್ಲಿ ಟವರ್ ಏಳುತ್ತಿತ್ತು. ದಿನಾ ಮೂರರ ಮೇಲೆ ನೆಲಕ್ಕೆ ಕಂಬ ಹೊಡೆಯುವ ದೊಡ್ಡ ಮಶೀನು ಆ ದಿನ ಸುಮ್ಮನೆ ನಿಂತಿತ್ತು. ರಜೆ. ತಿಂಗಳುಗಟ್ಟಲೆ ಆ ಧಡ್ ಧಡ್ ಕೇಳಿ ಕೇಳಿ ಬಿಲ್ಡಿಂಗಿನವರಾರಿಗೂ ಅದು ಶಬ್ದವಾಗಿ ಉಳಿದಿರಲಿಲ್ಲ. ನನಗೂ ಅಷ್ಟೆ. ಮುಂಬಯಿಯವರ ಕಿವಿಯೇ ಹಾಗೆ.

ನೆಲ ನಡುಗಿದಾಗ ಕಾರಿನೊಳಗೆ ಏನೋ ಅಲ್ಲಾಡುತ್ತದೆ, ಅಲ್ಲಾಡಿ ತಾಗಬಾರದ ಜಾಗಕ್ಕೆ ತಾಗುತ್ತದೆ. ಈಗಿನ ಕಾರಿನಲ್ಲಿ ಕೀ ಇಲ್ಲದೆ ಸೆಲ್ಫ್ ತಿರುಗುವುದಿಲ್ಲ. ಈ ಕಾರಿನಲ್ಲಿ ಹಾಗಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದು ಗುಂಡಿ, ಒತ್ತಿದರೆ ಸೆಲ್ಫ್, ಕೀಗೂ ಅದಕ್ಕೂ ಸಂಬಂಧವಿಲ್ಲ. ಗುಂಡಿಯ ಹಿಂದೆ ಎರಡು ಹಿತ್ತಾಳೆಯ ಮೊಳೆ, ನಡುವೆ ಒಂದು ಬೆರಳಿನ ಅಂತರ. ಅವೆರಡನ್ನು ಯಾವ ಲೋಹ ಕೂಡಿಸಿದರೂ ಸಾಕು.

"ಮಲ್ಲಪ್ಪ, ಟಾರ್ಚು ಹಿಡಿ," ಅಂತ ಕೂಗಿದೆ. ಜಲಜಕ್ಕನೂ ಕುಂಟುತ್ತ ಬಂದು ಬಾಗಿಲಲ್ಲಿ ನಿಂತರು. ಬ್ಯಾಟರಿ ವೈರು ಬಿಚ್ಚಿ, ಅಂಗಾತ ಮಲಗಿ, ಡ್ಯಾಶ್‌ಬೋರ್ಡಿನ ಹಿಂದೆ ಕೈ ತೂರಿಸಿದೆ. ಬೆರಳಿಗೆ ಹೆಣ್ಣಿನ ಜಡೆಯಂಥದ್ದು ಏನೋ ಮೆತ್ತಗೆ ತಾಗಿತು. ಹಲ್ಲು ಕಚ್ಚಿ ಎಳೆದೆ.

ಧೂಳು ಹಿಡಿದ ಕೆಂಪು ದಾರ. ಅದರ ತುದಿಯಲ್ಲಿ ಎರಡು ತಾಯಿತ. ತಾಮ್ರದ ತಗಡನ್ನು ಸುರುಳಿ ಸುತ್ತಿದ್ದು. ಎರಡರ ಮೇಲೂ ಕಿಡಿ ಹಾರಿ ಸುಟ್ಟ ಕಪ್ಪು ಚುಕ್ಕೆಗಳು.

"ಓ, ಅದು ನಾನೇ ಕಟ್ಟಿದ್ದು," ಅಂದರು ಜಲಜಕ್ಕ. ವರ್ಷಾಂತಿಕದ ದಿನ ಕಾರು ಏಳದಿದ್ದಾಗ, ದೃಷ್ಟಿಯಾಗಿರಬೇಕು ಅಂತ ಮೊದಲನೆಯದು. ಅದು ಟಕ್ ಅನ್ನಲು ಶುರು ಮಾಡಿದ ಮೇಲೆ, ಬೊರಿವಲಿಯವರು ಕೊಟ್ಟ ಎರಡನೆಯದು.

ನನಗೆ ಎಲ್ಲಿಲ್ಲದ ಹುಮ್ಮಸ್ಸು ಬಂತು. "ನೋಡಿ ಜಲಜಕ್ಕ, ಇದೇ ನಿಮ್ಮ ಭೂತ!" ಅಂದೆ. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಕರೆಂಟು ಎಷ್ಟು ಆಳ ಸುಟ್ಟಿದೆ ಅಂತ ತೋರಿಸಬೇಕಲ್ಲ, ಪಂಡಿತ ನಾನು! ಪ್ಲೈಯರ್‌ನಿಂದ ಎರಡನೇ ತಗಡಿನ ಸುರುಳಿ ಬಿಚ್ಚಿ ಟಾರ್ಚಿನ ಬೆಳಕಿಗೆ ಚಾಚಿ ಹಿಡಿದೆ. "ವಾಸು, ಬೇಡ," ಅಂತ ಜಲಜಕ್ಕ ಅಂದದ್ದು ಕೇಳಿಸಿತು. ಅಷ್ಟರಲ್ಲಿ ಅದು ಬಿಚ್ಚಿಕೊಂಡಾಗಿತ್ತು.

ಒಳಗೆ ಮೊಳೆಯಿಂದ ಗೀಚಿದ ಕನ್ನಡ ಅಕ್ಷರಗಳು. ಮಲ್ಲಪ್ಪ ಬಗ್ಗಿ, ಒಂದೊಂದೇ ಕೂಡಿಸಿ ಓದಿದ.

"ನನ್ನ ಹೆಸರೈತಿ," ಅಂದ. ಆಮೇಲೆ, "ನಮ್ಮವ್ವನ ಹೆಸರೂ ಐತಿ."

ಮಾಟ ತಿರುಗಿಸುವವರು ಯಾರ ಮೇಲೆ ತಿರುಗಿಸಬೇಕೋ ಅವನ ಹೆಸರನ್ನು ತಾಯಿಯ ಹೆಸರಿನೊಂದಿಗೇ ಬರೆಯುತ್ತಾರೆ.

"ಅಕ್ಕಾರ, ಅವ್ವ ಸತ್ತಾಗ ನೀವ ಕೇಳಿದ್ರಿ. ದೇವರ ಮುಂದ ಆಕಿ ಹೆಸರಿಲೆ ಒಂದು ದೀಪ ಹಚ್ತೀನಿ ಮಲ್ಲಪ್ಪ, ಹೆಸರೇನು ಅಂದ್ರಿ. ಅದಕ್ಕ ಹೇಳಿದ್ದೆ ನಾ."

ಜಲಜಕ್ಕ ಸೆರಗು ಬಾಯಿಗೆ ಒತ್ತಿ ಅತ್ತರು. "ತಪ್ಪಾಯ್ತು ಮಾರಾಯ, ನನ್ನ ಬುದ್ಧಿಗೆ ಮಂಕು ಕವಿದಿತ್ತು. ಎಲ್ಲಿಗೂ ಹೋಗ್ಬೇಡ," ಅಂದರು. ಮನಸ್ಸಿನಿಂದಲೇ ಅಂದರು. "ಇರಲಿ ಬಿಡ್ರಿ," ಅಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಸೋಮವಾರ ಬೆಳಿಗ್ಗೆ ಖೋಲಿ ಖಾಲಿಯಾಗಿತ್ತು. ಹೋಗು ಅಂದವರು ಯಾರೂ ಇರಲಿಲ್ಲ. ಊರಿಗೆ ಹೋದನೋ, ಈ ಶಹರದಲ್ಲೇ ಬೇರೆ ಯಾರದೋ ಗಾಡಿ ಓಡಿಸುತ್ತಿದ್ದಾನೋ, ಇವತ್ತಿಗೂ ಗೊತ್ತಿಲ್ಲ. ಅವನ ಫೋನು ಹತ್ತುವುದಿಲ್ಲ.

ಅವನು ನನ್ನ ಅಂಗಡಿಗೆ ಬಂದದ್ದು ಆ ಖೋಲಿ ಉಳಿಸಿಕೊಡಿ ಅಂತ. ನಾನು ಅವನು ನಿರಪರಾಧಿ ಅಂತ ತೋರಿಸಿದೆ, ಖೋಲಿ ಕಳೆದೆ. ಆ ತಗಡನ್ನು ಸುರುಳಿಯಲ್ಲೇ ಜೇಬಿಗೆ ಹಾಕಿಕೊಂಡು "ತಾಮ್ರ ತಾಗುತ್ತಿತ್ತು ಅಷ್ಟೇ" ಅಂದಿದ್ದರೆ ಅವನು ಇನ್ನೂ ಅಲ್ಲೇ ಇರುತ್ತಿದ್ದ. ಫಾಲ್ಟ್ ಹುಡುಕುವುದನ್ನು ನನ್ನ ಉಸ್ತಾದರು ಕಲಿಸಿದರು. ಸಿಕ್ಕ ಮೇಲೆ ಯಾರೆದುರು ಬಿಚ್ಚಬಾರದು ಎನ್ನುವುದನ್ನು ನಾನು ಮಲ್ಲಪ್ಪನಿಂದ ಕಲಿತೆ, ಅವನಿಗೆ ಉಪಯೋಗವಾಗದ ಮೇಲೆ.